ಹೊಟ್ಟೆಯ ಹುಣ್ಣಿಗೆ ವಂಶದ ನೆಪ

ಎದೆಯುರಿ, ಹುಳಿತೇಗು, ಹಸಿದಾಗ ಹೊಕ್ಕುಳಿನ ಮೇಲೆ ಕೊರೆಯುವ ನೋವು ಎಂದು ಹೇಳಿಕೊಂಡು ಬಂದವರನ್ನು ‘ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇದೆಯೇ?’ ಎಂದು ಕೇಳುವುದು ವೈದ್ಯರ ವಾಡಿಕೆ. ಪ್ರಶ್ನೆಯಲ್ಲಿ ತಪ್ಪಿಲ್ಲ. ‘ಅಮ್ಮನಿಗಿತ್ತು, ಅಣ್ಣನಿಗೂ ಇದೆ’ ಎಂಬ ಉತ್ತರ ಬಂದ ಕೂಡಲೇ ‘ಹಾಗಾದರೆ ವಂಶಪಾರಂಪರ್ಯ’ ಎಂದು ಮುಗಿಸಿಬಿಡುವುದರಲ್ಲಿ ತಪ್ಪಿದೆ. ಒಂದು ಮನೆಯ ಬಗ್ಗೆ ಆಡಿದ ಈ ಮಾತು ಬಹುಬೇಗ ಒಂದು ಜಾತಿಯ ಬಗ್ಗೆ, ಅಲ್ಲಿಂದ ಒಂದು ಜನಾಂಗದ ಬಗ್ಗೆ ಆಡುವ ಮಾತಾಗುತ್ತದೆ. ಹೊರಗಿನಿಂದ ಬಂದವರ ಸಂತತಿಯೆಂದು ಗುರುತಿಸಿಕೊಂಡ ಜನರ ವಿಷಯದಲ್ಲಂತೂ ಅದಕ್ಕೆ ವಿಜ್ಞಾನದ ಮೊಹರೂ ಬೀಳುತ್ತದೆ: ಅವರ ರಕ್ತವೇ ಬೇರೆ, ಅವರ ವಂಶವಾಹಿಗಳೇ ಬೇರೆ, ಆದ್ದರಿಂದ ಅವರ ಹೊಟ್ಟೆಯಲ್ಲಿ ಹುಣ್ಣು ತರುವ ರೋಗಾಣು ಸುಲಭವಾಗಿ ನೆಲೆಯೂರುತ್ತದೆ ಎಂಬ ವಾದ. ಈ ವಾದ ವಿದ್ಯಾವಂತರ ನಡುವೆ ಎಷ್ಟು ಚಲಾವಣೆಯಲ್ಲಿದೆಯೆಂದರೆ ಅದನ್ನು ಪ್ರಶ್ನಿಸುವವರೇ ವಿಜ್ಞಾನವಿರೋಧಿಗಳಂತೆ ಕಾಣುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಸಾಕ್ಷ್ಯ ಹೇಳಿದ್ದಕ್ಕಿಂತ ಹೆಚ್ಚನ್ನು ಸಾಕ್ಷ್ಯದ ಬಾಯಿಗೆ ತುರುಕುವ ವಾದ. ಕಾರವಾರ, ಅಂಕೋಲೆಗಳಂಥ ಊರುಗಳಲ್ಲಿ ನಿಂತು ನೋಡಿದರೆ ಅದರ ಟೊಳ್ಳು ಇನ್ನಷ್ಟು ಸ್ಪಷ್ಟವಾಗುತ್ತದೆ.

ರೋಗಾಣುವಿನ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಜಠರದ ಆಮ್ಲದಲ್ಲಿ ಯಾವ ಸೂಕ್ಷ್ಮಜೀವಿಯೂ ಬದುಕಲಾರದೆಂದು ವೈದ್ಯಲೋಕ ನಂಬಿದ್ದ ಕಾಲದಲ್ಲಿ, ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಇದನ್ನು ಬೆಳೆಸಿ ತೋರಿಸಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ರೋಗಾಣುಗಳ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದಕ್ಕೂ ಮೊದಲೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ದರ್ಜೆಗೆ ಸೇರಿಸಿತ್ತು. ಈ ಜೀವಿ ಯೂರಿಯಾವನ್ನು ಒಡೆದು ಅಮೋನಿಯ ಮಾಡಿಕೊಳ್ಳುತ್ತದೆ. ಆ ಅಮೋನಿಯ ಸುತ್ತಲಿನ ಆಮ್ಲವನ್ನು ತಣಿಸುತ್ತದೆ. ಆ ರಕ್ಷಣೆಯಲ್ಲಿ ಅದು ಜಠರದ ಲೋಳೆಯ ಪದರದೊಳಗೆ ಕೊರೆದುಕೊಂಡು ಹೋಗಿ ಕೂರುತ್ತದೆ. ಸಾಮಾನ್ಯವಾಗಿ ಬರುವುದು ಎಳವೆಯಲ್ಲಿ, ಶಾಲೆಗೆ ಹೋಗುವ ಮೊದಲಿನ ವರ್ಷಗಳಲ್ಲಿ. ಔಷಧ ಕೊಟ್ಟು ಓಡಿಸದಿದ್ದರೆ ಜೀವಮಾನವಿಡೀ ಇರುತ್ತದೆ. ಹೆಚ್ಚಿನವರಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಕೆಲವರಿಗೆ ಅಲ್ಸರ್, ಇನ್ನೂ ಕೆಲವೇ ಮಂದಿಗೆ ಜಠರದ ಕ್ಯಾನ್ಸರ್. ಸೋಂಕು ತಗಲುವುದು ಎಳವೆಯಲ್ಲಿ, ರೋಗ ಕಾಣುವುದು ನಡುವಯಸ್ಸಿನಲ್ಲಿ ಎಂಬ ಈ ಅಂತರವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವಾದದ ಅರ್ಧ ಭಾಗ ನಿಂತಿರುವುದು ಅದರ ಮೇಲೆ.

ಈಗ ‘ವಲಸೆ ಬಂದವರ ಸಂತತಿ’ ಎಂಬ ಹಣೆಪಟ್ಟಿಯ ವಿಚಾರ. ಕಾಳಿಯಿಂದ ಗಂಗಾವಳಿಯವರೆಗಿನ ಈ ಕರಾವಳಿಯಲ್ಲಿ ಆ ಹಣೆಪಟ್ಟಿ ಯಾರಿಗೆ ತಾನೇ ಸಲ್ಲುವುದಿಲ್ಲ? ಸಾರಸ್ವತರ, ಕೊಂಕಣಿ ಕ್ರೈಸ್ತರ ಅನೇಕ ಮನೆತನಗಳು ಪೋರ್ಚುಗೀಸರ ಕಾಲದ ಗೋವೆಯಿಂದ ಬಂದವು. ಖಾರ್ವಿ, ಗಾಬಿತರು ಕೊಂಕಣ ಕರಾವಳಿಯ ಉದ್ದಕ್ಕೂ ದೋಣಿಯ ದಾರಿ ಹಿಡಿದು ಹರಡಿದವರು. ಕೋಮಾರಪಂತರು ತಮ್ಮ ಮೂಲವನ್ನು ಘಟ್ಟದ ಮೇಲಿನ ಕಲ್ಯಾಣಕ್ಕೆ ಜೋಡಿಸಿ ಹೇಳಿಕೊಳ್ಳುತ್ತಾರೆ. ಆದರೂ ಬಂದವರು ಎಂದಾಗ ಬೆರಳು ತಿರುಗುವುದು ಸಿದ್ದಿಗಳ ಕಡೆಗೆ. ಏಕೆಂದರೆ ಅವರ ಮೂಲ ಮುಖದಲ್ಲಿ, ಕೂದಲಿನಲ್ಲಿ ಕಾಣಿಸುತ್ತದೆ. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟು, ಬಹುಪಾಲು ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಶಿರಸಿಗಳ ಜೊತೆಗೆ ಅಂಕೋಲಾ ತಾಲೂಕಿನಲ್ಲೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನ ಕರ್ನಾಟಕ, ಗುಜರಾತುಗಳ ಸಿದ್ದಿಗಳ ವಂಶವಾಹಿಗಳನ್ನು ಪರಿಶೀಲಿಸಿ, ಅವರ ಆನುವಂಶಿಕ ಪಾಲಿನಲ್ಲಿ ಹೆಚ್ಚಿನದು ಆಫ್ರಿಕದ್ದೆಂದೂ, ಸ್ಥಳೀಯರೊಂದಿಗಿನ ಬೆರಕೆ ಸುಮಾರು 200 ವರ್ಷಗಳ ಹಿಂದಿನದೆಂದೂ ತೋರಿಸಿತು. ಅದು ಇತಿಹಾಸ ತಿಳಿಯಲು ಮಾಡಿದ ಒಳ್ಳೆಯ ಕೆಲಸ. ಅದರಲ್ಲಿ ಹೊಟ್ಟೆಯ ಸೋಂಕಿನ ಮಾತಿಲ್ಲ. ಆದರೆ ಇಂಥ ಅಧ್ಯಯನ ಹೊರಬಂದ ಮೇಲೆ ‘ವಂಶವಾಹಿ ಬೇರೆ’ ಎಂಬ ಒಂದು ವಾಕ್ಯ ಕಳಚಿಕೊಂಡು ತನ್ನ ಪಾಡಿಗೆ ತಿರುಗಾಡತೊಡಗುತ್ತದೆ.

ಇದು ಹೊಸ ಚಾಳಿಯೇನಲ್ಲ. 1883ರ ಬಾಂಬೆ ಗೆಜೆಟಿಯರಿನ ಕೆನರಾ ಸಂಪುಟ ತೆರೆದರೆ ಈ ಜಿಲ್ಲೆಯ ಒಂದೊಂದು ಜಾತಿಯನ್ನೂ ಬಣ್ಣ, ಮೈಕಟ್ಟು, ಸ್ವಭಾವಗಳ ಸಮೇತ ಗೂಟಕ್ಕೆ ಕಟ್ಟಿಹಾಕಿದ ವರ್ಣನೆಗಳು ಸಿಗುತ್ತವೆ. ಅದು ಬ್ರಿಟಿಷರ ಕೆಲಸ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಇದೇ ಜಿಲ್ಲೆಯ ಸಿದ್ದಿ ಮಕ್ಕಳನ್ನು ಹುಡುಕಿ ಓಟಗಾರರನ್ನಾಗಿ ಮಾಡಲು ಹೊರಟಿತು. ಆಫ್ರಿಕದ ರಕ್ತದಲ್ಲಿ ಪದಕಗಳಿವೆ ಎಂಬುದೇ ಅದರ ಹಿಂದಿನ ತರ್ಕ. ಮಕ್ಕಳು ಚೆನ್ನಾಗಿಯೇ ಓಡಿದರು, ಕೆಲವರು ರಾಷ್ಟ್ರಮಟ್ಟಕ್ಕೂ ಹೋದರು. 1993ರಲ್ಲಿ ಯೋಜನೆ ನಿಂತಿತು, ಓಡುತ್ತಿದ್ದವರು ಹಾಡಿಗೆ ಮರಳಿದರು. ವಂಶವಾಹಿ ಆ ಆರು ವರ್ಷಗಳಲ್ಲಿ ಬದಲಾಗಲಿಲ್ಲ. ಬದಲಾದದ್ದು ಊಟ, ಹಾಸ್ಟೆಲು, ತರಬೇತುದಾರ, ಬೂಟು. ಗೆಲುವಿಗೂ ರಕ್ತ, ಕಾಯಿಲೆಗೂ ರಕ್ತ ಎನ್ನುವವರು ನಡುವೆ ಇರುವ ಊಟ, ನೀರು, ಮನೆಗಳ ಲೆಕ್ಕವನ್ನು ಸಲೀಸಾಗಿ ಬಿಟ್ಟುಬಿಡುತ್ತಾರೆ.

ವಂಶವಾದಿಗಳ ವಾದದ ಮೂಲದೋಷ ಇದು: ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಅವರು ಒಂದೇ ಮಾಡಿಕೊಂಡಿದ್ದಾರೆ. ಸೋಂಕು ತಗಲುವುದೇಕೆ, ತಗಲಿದ ಸೋಂಕು ಹುಣ್ಣಾಗುವುದೇಕೆ, ಹಲವು ದಶಕಗಳ ನಂತರ ಅದು ಕ್ಯಾನ್ಸರ್ ಆಗುವುದೇಕೆ. ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಲ್ಲಿ ವಂಶವಾಹಿಗೆ ಪಾತ್ರವಿದೆ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಒ ಗುಂಪಿನ ರಕ್ತದವರಲ್ಲಿ ಅಲ್ಸರ್ ಹೆಚ್ಚು ಎಂಬುದು 1950ರ ದಶಕದಿಂದಲೇ ಗೊತ್ತಿದೆ. 2000ದಲ್ಲಿ ಎಲ್-ಒಮರ್ ಮತ್ತು ಸಂಗಡಿಗರು ಉರಿಯೂತವನ್ನು ಹೆಚ್ಚಿಸುವ ಇಂಟರ್‌ಲ್ಯೂಕಿನ್-1 ಎಂಬ ವಸ್ತುವಿನ ವಂಶವಾಹಿಯಲ್ಲಿನ ವ್ಯತ್ಯಾಸಗಳು ಜಠರದ ಕ್ಯಾನ್ಸರಿನ ಸಾಧ್ಯತೆಯನ್ನು ಏರಿಸುತ್ತವೆಂದು ತೋರಿಸಿದರು. ಇವೆಲ್ಲ ಸೋಂಕು ಒಳಗೆ ಬಂದ ನಂತರದ ಕಥೆಗಳು. ಕೊಲಂಬಿಯದ ಉದಾಹರಣೆ ಇದನ್ನು ಇನ್ನೂ ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಅಲ್ಲಿ ಸಮುದ್ರ ತೀರದ ತುಮಾಕೊ ಎಂಬ ಊರಿನವರು ಹೆಚ್ಚಾಗಿ ಆಫ್ರಿಕದ ಗುಲಾಮರ ಸಂತತಿ. ಆಂಡಿಸ್ ಬೆಟ್ಟದ ಮೇಲಿನ ತುಕೆರೆಸ್ ಊರಿನವರು ಹೆಚ್ಚಾಗಿ ಅಮೆರಿಕದ ಮೂಲನಿವಾಸಿಗಳ ಸಂತತಿ. ಎರಡೂ ಕಡೆ ಸುಮಾರು ಶೇ. 90ರಷ್ಟು ಮಂದಿಯ ಹೊಟ್ಟೆಯಲ್ಲಿ ಪೈಲೋರಿ ಇದೆ. ಆದರೆ ಜಠರದ ಕ್ಯಾನ್ಸರ್ ಬೆಟ್ಟದ ಮೇಲೆ ತೀರಕ್ಕಿಂತ ಸುಮಾರು 25 ಪಟ್ಟು ಹೆಚ್ಚು. 2014ರಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳಿದ್ದು, ಮನುಷ್ಯನ ವಂಶಕ್ಕೂ ಅವನ ಹೊಟ್ಟೆಯಲ್ಲಿರುವ ರೋಗಾಣುವಿನ ವಂಶಕ್ಕೂ ಹೊಂದಾಣಿಕೆ ತಪ್ಪಿದಾಗ ಗಾಯ ಹೆಚ್ಚು ಕೆಡುತ್ತದೆ ಎಂದು. ಇದನ್ನು ಓದಿದವರು ಗಮನಿಸಬೇಕಾದದ್ದು ಎರಡು ವಿಷಯ. ಸೋಂಕಿನ ಪ್ರಮಾಣದಲ್ಲಿ ಎರಡು ವಂಶಗಳ ನಡುವೆ ವ್ಯತ್ಯಾಸವೇ ಇಲ್ಲ. ಕಡಿಮೆ ಕ್ಯಾನ್ಸರ್ ಇರುವುದು ಆಫ್ರಿಕ ಮೂಲದವರಲ್ಲಿ. ಆಫ್ರಿಕ ಖಂಡದಲ್ಲೂ ಸೋಂಕು ಹೇರಳವಾಗಿದ್ದು ಕ್ಯಾನ್ಸರ್ ವಿರಳವಾಗಿರುವುದನ್ನು ವೈದ್ಯರು 1992ರಷ್ಟು ಹಿಂದೆಯೇ ಒಂದು ಒಗಟೆಂದು ಬರೆದಿದ್ದರು. ಹೀಗಿರುವಾಗ ‘ಆಫ್ರಿಕದ ರಕ್ತ, ಅದಕ್ಕೇ ಹೊಟ್ಟೆ ದುರ್ಬಲ’ ಎನ್ನುವವರು ಯಾವ ಪುಸ್ತಕ ಓದಿದ್ದಾರೋ ತಿಳಿಯದು.

ಸೋಂಕಿಗೇ ಸಂಬಂಧಿಸಿದ ವಂಶವಾಹಿಗಳು ಸಿಕ್ಕಿವೆಯಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. 2013ರಲ್ಲಿ ಜರ್ಮನಿ ಮತ್ತು ನೆದರ್ಲೆಂಡಿನ ಸುಮಾರು 11,000 ಜನರ ವಂಶವಾಹಿಗಳನ್ನು ಜಾಲಾಡಿದ ಅಧ್ಯಯನ ಟಿಎಲ್‌ಆರ್1 ಎಂಬ ವಂಶವಾಹಿಯ ಬಳಿ ಪೈಲೋರಿಗೆ ಸಂಬಂಧಿಸಿದ ಗುರುತನ್ನು ಕಂಡುಹಿಡಿಯಿತು. ಸುದ್ದಿ ಹರಡಿದ್ದು ‘ಸೋಂಕಿಗೆ ಕಾರಣವಾದ ವಂಶವಾಹಿ ಪತ್ತೆ’ ಎಂಬಂತೆ. ಅವರು ಹೋಲಿಸಿದ್ದು ಯಾರನ್ನು? ರಕ್ತದಲ್ಲಿ ಪೈಲೋರಿ ವಿರುದ್ಧದ ಪ್ರತಿಕಾಯ ಅತಿ ಹೆಚ್ಚು ಇದ್ದ ಕಾಲುಭಾಗ ಜನರನ್ನು ಉಳಿದ ಮುಕ್ಕಾಲು ಜನರೊಂದಿಗೆ. ಟಿಎಲ್‌ಆರ್1 ಮಾಡುವ ಕೆಲಸವೇ ಬ್ಯಾಕ್ಟೀರಿಯದ ಮೈಮೇಲಿನ ಗುರುತನ್ನು ಹಿಡಿದು ದೇಹದ ರಕ್ಷಣಾ ವ್ಯವಸ್ಥೆಗೆ ತಿಳಿಸುವುದು. ಆ ವಂಶವಾಹಿ ಬೇರೆಯಾದರೆ ಪ್ರತಿಕಾಯದ ಮಟ್ಟ ಬೇರೆಯಾಗುವುದು ಸಹಜ. ಮನೆಗೆ ಕಳ್ಳ ನುಗ್ಗಿದ್ದನ್ನೂ ನಾಯಿ ಎಷ್ಟು ಜೋರಾಗಿ ಬೊಗಳಿತು ಎಂಬುದನ್ನೂ ಒಂದೇ ಎಂದು ಲೆಕ್ಕ ಹಿಡಿದಂತಾಯಿತು ಇದು. ಅಧ್ಯಯನ ಮಾಡಿದವರು ಎಚ್ಚರಿಕೆಯಿಂದಲೇ ಬರೆದಿದ್ದಾರೆ. ಎಚ್ಚರ ತಪ್ಪುವುದು ಅದನ್ನು ಬೇರೆಡೆಗೆ ಹೊತ್ತು ತರುವವರು. ಅದೂ ಅಲ್ಲದೆ ಯುರೋಪಿನ ಎರಡು ದೇಶಗಳೊಳಗಿನ ವ್ಯಕ್ತಿ ವ್ಯಕ್ತಿಗಳ ಹೋಲಿಕೆಯನ್ನು ಉತ್ತರ ಕನ್ನಡದ ಜನಾಂಗ ಜನಾಂಗಗಳ ಹೋಲಿಕೆಗೆ ತಂದು ಅಂಟಿಸಲು ಯಾವ ಆಧಾರವೂ ಇಲ್ಲ.

ವಂಶವಾದಿಗಳ ಕೈಯಲ್ಲಿರುವ ಗಟ್ಟಿ ಆಯುಧ ಸ್ವೀಡನ್ನಿನ ಅವಳಿಗಳ ಅಧ್ಯಯನ. 1994ರಲ್ಲಿ ಪ್ರಕಟವಾದ ಅದರ ಪ್ರಕಾರ ಅವಳಿಗಳಲ್ಲಿ ಒಬ್ಬರಿಗೆ ಪೈಲೋರಿ ಇದ್ದರೆ ಇನ್ನೊಬ್ಬರಿಗೂ ಇರುವ ಪ್ರಮಾಣ ತದ್ರೂಪಿ ಅವಳಿಗಳಲ್ಲಿ ಶೇ. 81, ತದ್ರೂಪಿಗಳಲ್ಲದ ಅವಳಿಗಳಲ್ಲಿ ಶೇ. 63. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳೂ ಅದರಲ್ಲಿದ್ದರು. ಇದನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಆದರೆ ಅದು ಏನನ್ನು ಹೇಳುತ್ತದೆ? ಎಲ್ಲರಿಗೂ ನಲ್ಲಿಯ ನೀರು, ಎಲ್ಲರಿಗೂ ಕಕ್ಕಸು, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ತೆರನಾದ ಮನೆ ಇರುವ ದೇಶದಲ್ಲಿ ಪರಿಸರದ ವ್ಯತ್ಯಾಸ ಕುಗ್ಗುತ್ತದೆ. ಆಗ ಉಳಿದ ವ್ಯತ್ಯಾಸದಲ್ಲಿ ವಂಶವಾಹಿಯ ಪಾಲು ದೊಡ್ಡದಾಗಿ ಕಾಣುತ್ತದೆ. ಆನುವಂಶಿಕತೆಯ ಶೇಕಡಾವಾರು ಎಂಬುದು ದೇಹದೊಳಗೆ ಕೂತಿರುವ ಒಂದು ನಿಗದಿತ ಅಳತೆಯಲ್ಲ. ಯಾವ ಜನರಲ್ಲಿ, ಯಾವ ಸ್ಥಿತಿಯಲ್ಲಿ ಅಳೆದೆವೋ ಅಲ್ಲಿಗಷ್ಟೇ ಅದು ಸಲ್ಲುತ್ತದೆ. ಒಂದು ಗುಂಪಿನೊಳಗಿನ ಆನುವಂಶಿಕತೆಯಿಂದ ಎರಡು ಗುಂಪುಗಳ ನಡುವಿನ ವ್ಯತ್ಯಾಸವನ್ನು ವಿವರಿಸಲಾಗದು ಎಂಬುದು ತಳಿವಿಜ್ಞಾನದ ಮೊದಲ ವರ್ಷದ ಪಾಠ. ಒಂದೇ ರಾಶಿಯ ಬೀಜವನ್ನು ಎರಡು ಗದ್ದೆಗೆ ಹಾಕಿದರೆ, ಒಂದೊಂದು ಗದ್ದೆಯೊಳಗಿನ ಗಿಡಗಳ ಹೆಚ್ಚುಕಡಿಮೆ ಬೀಜದ್ದಾಗಿರಬಹುದು, ಗದ್ದೆ ಗದ್ದೆಗಳ ನಡುವಿನದು ಗೊಬ್ಬರದ್ದೇ ಆಗಿರುತ್ತದೆ. ತದ್ರೂಪಿಗಳಲ್ಲದ ಅವಳಿಗಳಲ್ಲೂ ಶೇ. 63ರಷ್ಟು ಜೊತೆಯಾಗಿರುವುದು ಏನನ್ನು ಸೂಚಿಸುತ್ತದೆ ಎಂಬ ಬಗ್ಗೆ ಮಾತ್ರ ಇವರು ಮೌನ ವಹಿಸುತ್ತಾರೆ.

ಅಮೆರಿಕದ ಅಂಕಿಗಳನ್ನೂ ಮುಂದೆ ಹಿಡಿಯುತ್ತಾರೆ. 1988ರಿಂದ 1991ರವರೆಗೆ ಅಲ್ಲಿನ ಸರ್ಕಾರ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಪೈಲೋರಿಯ ಪ್ರಮಾಣ ಬಿಳಿಯರಲ್ಲಿ ಶೇ. 26, ಕಪ್ಪು ಜನರಲ್ಲಿ ಶೇ. 53, ಮೆಕ್ಸಿಕೊ ಮೂಲದವರಲ್ಲಿ ಶೇ. 62. ಆಮೇಲೆ, 2011ರಲ್ಲಿ, ಅಲ್ಲಿನ ದಕ್ಷಿಣ ರಾಜ್ಯಗಳ ಬಡವರ ನಡುವೆ ಮಾಡಿದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ವ್ಯಕ್ತಿಯಲ್ಲಿ ಆಫ್ರಿಕದ ವಂಶದ ಪಾಲು ಹೆಚ್ಚಿದಷ್ಟೂ ಸೋಂಕಿನ ಸಾಧ್ಯತೆ ಹೆಚ್ಚು, ಆದಾಯ ಮತ್ತು ಓದಿನ ವ್ಯತ್ಯಾಸ ತೆಗೆದು ನೋಡಿದರೂ ಹಾಗೆಯೇ ಎಂದಿತು. ಸಿದ್ದಿಗಳ ಬಗ್ಗೆ ಮಾತಾಡುವವರಿಗೆ ಇದಕ್ಕಿಂತ ಬೇಕೇ? ಆದರೆ ಸೋಂಕು ತಗಲುವುದು ಎರಡು ಮೂರು ವರ್ಷದ ಮಗುವಿಗೆ. ಐವತ್ತು ವರ್ಷದವನ ಇಂದಿನ ಆದಾಯವನ್ನು ಲೆಕ್ಕದಿಂದ ತೆಗೆದರೆ ಅವನು ಮಗುವಾಗಿದ್ದಾಗಿನ ಮನೆಯ ಇಕ್ಕಟ್ಟು, ಬಾವಿಯ ನೀರು, ಒಂದೇ ಚಾಪೆಯ ಮೇಲೆ ಮಲಗುತ್ತಿದ್ದ ನಾಲ್ಕು ಮಕ್ಕಳು ಲೆಕ್ಕದಿಂದ ಹೋಗುತ್ತಾರೆಯೇ? 1940, 50ರ ದಶಕದ ಅಮೆರಿಕದ ದಕ್ಷಿಣದಲ್ಲಿ ಮೈಬಣ್ಣ ಕಪ್ಪಾದಷ್ಟೂ ಮನೆ ಇರುವ ಕೇರಿ, ಶಾಲೆ, ನಲ್ಲಿ ಎಲ್ಲ ಬೇರೆಯಾಗುತ್ತಿದ್ದವು; ಆಫ್ರಿಕದ ವಂಶದ ಪಾಲು ಅಲ್ಲಿ ಬಾಲ್ಯದ ಬಡತನದ ಅಳತೆಗೋಲೂ ಆಗಿತ್ತು. ಇನ್ನೊಂದು ಗುಂಪನ್ನೂ ನೋಡಿ: ಅದೇ ಸಮೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಸೋಂಕು ಕಂಡದ್ದು ಮೆಕ್ಸಿಕೊ ಮೂಲದವರಲ್ಲಿ, ಅಂದರೆ ಆಫ್ರಿಕದ ಪಾಲು ತೀರ ಕಡಿಮೆ ಇರುವವರಲ್ಲಿ. ಕಪ್ಪು ಜನರಿಗೆ ಒಂದು ವಂಶವಾಹಿ, ಮೆಕ್ಸಿಕನ್ನರಿಗೆ ಇನ್ನೊಂದು ವಂಶವಾಹಿ ಹುಡುಕುತ್ತ ಹೋಗಬಹುದು. ಅಥವಾ ಇಬ್ಬರಿಗೂ ಸಮಾನವಾದ ಒಂದು ಸಂಗತಿಯನ್ನು ನೋಡಬಹುದು.

ಆ ಸಂಗತಿ ಮನೆಯೊಳಗಿದೆ. ಉತ್ತರ ಕ್ಯಾಲಿಫೋರ್ನಿಯದ ವಲಸಿಗ ಕುಟುಂಬಗಳನ್ನು ಸ್ಟ್ಯಾನ್‌ಫರ್ಡಿನ ಸಂಶೋಧಕರು ಹಿಂಬಾಲಿಸಿ 2006ರಲ್ಲಿ ಬರೆದ ವರದಿ ಈ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುತ್ತದೆ. ಮನೆಯಲ್ಲಿ ಪೈಲೋರಿ ಇರುವ ಒಬ್ಬರಿಗೆ ವಾಂತಿಭೇದಿಯಾದರೆ, ಆ ಮನೆಯ ಇತರರಿಗೆ ಹೊಸದಾಗಿ ಸೋಂಕು ತಗಲುವ ಸಾಧ್ಯತೆ ಸುಮಾರು ಐದು ಪಟ್ಟಾಗುತ್ತದೆ. ವಾಂತಿಯೇ ಆಗಿದ್ದರೆ ಆರು ಪಟ್ಟು ದಾಟುತ್ತದೆ. ಇದನ್ನು ನಮ್ಮ ಮನೆಗಳಿಗೆ ತಂದು ನೋಡಿ. ಮಳೆಗಾಲದ ರಾತ್ರಿ ಮಗು ಚಾಪೆಯ ಮೇಲೆ ವಾಂತಿ ಮಾಡಿಕೊಳ್ಳುತ್ತದೆ. ತಾಯಿ ಸೆರಗಿನಿಂದಲೋ ಹಳೆ ಬಟ್ಟೆಯಿಂದಲೋ ಒರೆಸುತ್ತಾಳೆ. ತಂಬಿಗೆಯ ನೀರಲ್ಲಿ ಕೈ ತೋಯಿಸಿಕೊಳ್ಳುತ್ತಾಳೆ. ಸಾಬೂನು ಬಚ್ಚಲಲ್ಲಿದೆ, ಬಚ್ಚಲು ಮನೆಯ ಹಿಂದೆ, ಹೊರಗೆ ಮಳೆ. ಅದೇ ಕೈಯಲ್ಲಿ ಪಕ್ಕದಲ್ಲಿ ಎದ್ದು ಅಳುವ ಚಿಕ್ಕದನ್ನು ಸಮಾಧಾನ ಮಾಡಿ, ಗಂಜಿಯ ಅಗುಳನ್ನು ಬೆರಳಲ್ಲಿ ನುರಿದು ಬಾಯಿಗಿಡುತ್ತಾಳೆ. ಆ ಎರಡು ನಿಮಿಷಗಳಲ್ಲಿ ಒಂದು ಹೊಟ್ಟೆಯಿಂದ ಇನ್ನೊಂದು ಹೊಟ್ಟೆಗೆ ರೋಗಾಣು ದಾಟಲು ಯಾವ ವಂಶವಾಹಿಯ ಅಪ್ಪಣೆಯೂ ಬೇಡ. ತಾಯಿ ಮತ್ತು ಮಕ್ಕಳ ಹೊಟ್ಟೆಯಿಂದ ತೆಗೆದ ರೋಗಾಣುಗಳು ಒಂದೇ ತಳಿಯವಾಗಿರುವುದನ್ನು ಹಲವು ದೇಶಗಳಲ್ಲಿ ಕಂಡಿದ್ದಾರೆ. ಮೂವತ್ತು ವರ್ಷಗಳ ನಂತರ ಆ ಇಬ್ಬರು ಮಕ್ಕಳೂ ಎದೆಯುರಿಯೆಂದು ವೈದ್ಯರ ಬಳಿ ಹೋದಾಗ ಬರುವ ಉತ್ತರ: ತಾಯಿಯಿಂದ ಬಂದದ್ದು, ವಂಶದ್ದು. ತಾಯಿಯಿಂದ ಬಂದದ್ದು ಹೌದು.

ನೀರಿನ ದಾರಿಯ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ವಾದವಿದೆ. ನೀರಿನಲ್ಲಿ ಪೈಲೋರಿಯ ಡಿಎನ್‌ಎ ಸಿಗುತ್ತದೆ, ಬದುಕಿರುವ ರೋಗಾಣುವನ್ನು ಅಲ್ಲಿಂದ ಬೆಳೆಸುವುದು ಬಹಳ ಕಷ್ಟ. ಆದರೂ ಹೈದರಾಬಾದಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಾವಿ ನೀರು ಕುಡಿಯುವವರಲ್ಲಿ ಶೇ. 92 ಮಂದಿಗೆ ಸೋಂಕಿತ್ತು, ನಲ್ಲಿ ನೀರಿನವರಲ್ಲಿ ಸುಮಾರು ಶೇ. 75. ಒಂದೇ ನಗರ, ಒಂದೇ ಜನ. ನೀರು ನೇರವಾಗಿ ರೋಗಾಣುವನ್ನು ತರದಿದ್ದರೂ ವಾಂತಿಭೇದಿಯನ್ನು ತರುತ್ತದೆ, ವಾಂತಿಭೇದಿ ಪೈಲೋರಿಯನ್ನು ಮನೆಯೊಳಗೆ ಹಂಚುತ್ತದೆ. ನನ್ನ ವಾದಕ್ಕೆ ಅಷ್ಟು ಸಾಕು. ಅಂಕೋಲೆಯ ಹಳ್ಳಿಗಳ ನೆಲ ಚಿರೇಕಲ್ಲಿನದು, ಜೊಳ್ಳು, ನೀರನ್ನು ಸೋಸದೆ ಬಿಡುವಂಥದು. ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಮಳೆ. ಆಷಾಢದಲ್ಲಿ ಬಾವಿಯ ನೀರು ಕೊಡ ಬಗ್ಗಿಸಿ ತೆಗೆಯುವಷ್ಟು ಮೇಲೆ ಬರುತ್ತದೆ, ಪಾಯಖಾನೆಯ ಗುಂಡಿಯ ತಳ ಆ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ, ಜಾಗ ನಾಲ್ಕು ಗುಂಟೆಯದಾದರೆ ಎರಡರ ನಡುವೆ ದೂರವೆಷ್ಟು ತಾನೇ ಇದ್ದೀತು? 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದಾಗ ಬಾವಿ, ಗುಂಡಿ, ಕೊಟ್ಟಿಗೆ ಎಲ್ಲ ಒಂದೇ ನೀರಾದವು. ಅದೇ ಗಂಗಾವಳಿಯ ನೀರು ಕೊಳವೆಯಲ್ಲಿ ಹರಿದು ಕಾರವಾರ ಪೇಟೆಯ ನಲ್ಲಿಗಳಿಗೂ ಹೋಗುತ್ತದೆ, ಶುದ್ಧೀಕರಣವಾಗಿ. ನದಿ ಒಂದೇ ಆದರೂ ಪೇಟೆಯ ಮಗುವಿಗೂ ಘಟ್ಟದ ಬುಡದ ಹಾಡಿಯ ಮಗುವಿಗೂ ಅದು ಸಿಗುವ ರೂಪ ಒಂದೇ ಅಲ್ಲ.

ಕಾಲದ ಸಾಕ್ಷಿಯನ್ನೂ ಕೇಳಬೇಕು. ಜಪಾನಿನಲ್ಲಿ 1930ರ ಸುಮಾರಿಗೆ ಹುಟ್ಟಿದವರಲ್ಲಿ ಪೈಲೋರಿ ಶೇ. 67ರಷ್ಟು ಮಂದಿಗೆ, 2000ದ ಸುಮಾರಿಗೆ ಹುಟ್ಟಿದವರಲ್ಲಿ ಶೇ. 7ಕ್ಕೂ ಕಡಿಮೆ. ಅಜ್ಜಿಯ ವಂಶವಾಹಿಯೇ ಮೊಮ್ಮಗಳಿಗೂ ಬಂದಿದೆ. ಅಜ್ಜಿ ಕುಡಿದ ನೀರು ಮೊಮ್ಮಗಳಿಗೆ ಬರಲಿಲ್ಲ. ಮಲೇಷ್ಯದ ಕಥೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ತೋಟಗಳ ಕೂಲಿಗೆಂದು ದಕ್ಷಿಣ ಭಾರತದಿಂದ ಹೋದವರ ಸಂತತಿಯಲ್ಲಿ ಪೈಲೋರಿ ಹೆಚ್ಚು, ಚೀನೀಯರಲ್ಲಿ ಮಧ್ಯಮ, ಮಲಯರಲ್ಲಿ ಬಹಳ ಕಡಿಮೆ. ಭಾರತೀಯರ ರಕ್ತದಲ್ಲೇ ಏನೋ ಇದೆ ಎಂದು ಹೇಳಲು ಇಷ್ಟು ಸಾಕಾಗಿತ್ತು. ಆದರೆ 2009ರಲ್ಲಿ ರೋಗಾಣುಗಳ ವಂಶಾವಳಿಯನ್ನೇ ಬಿಡಿಸಿ ನೋಡಿದಾಗ, ಮಲಯರ ಹೊಟ್ಟೆಯಲ್ಲಿದ್ದ ತಳಿಗಳು ಭಾರತೀಯರಿಂದ ಇತ್ತೀಚೆಗೆ ದಾಟಿದವೆಂದು ಕಂಡುಬಂತು. ಮಲಯರಲ್ಲಿ ಸೋಂಕು ಕಡಿಮೆ ಇದ್ದದ್ದು ರೋಗಾಣು ಅವರ ಬಳಿ ತಡವಾಗಿ ಬಂದದ್ದರಿಂದ. ಪೈಲೋರಿ ಮನುಷ್ಯನ ಜೊತೆಗೇ ಆಫ್ರಿಕದಿಂದ ಹೊರಟು ಲೋಕ ಸುತ್ತಿದ ಜೀವಿ. 2007ರ ಲೆಕ್ಕದಂತೆ ಆ ಪಯಣ ಸುಮಾರು 58,000 ವರ್ಷ ಹಳೆಯದು. ಲಡಾಖಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೌದ್ಧರನ್ನೂ ಮುಸ್ಲಿಮರನ್ನೂ ಅವರವರ ವಂಶವಾಹಿಗಿಂತ ಹೊಟ್ಟೆಯ ರೋಗಾಣುವಿನ ವಂಶವಾಹಿ ಚೆನ್ನಾಗಿ ಬೇರ್ಪಡಿಸಿ ತೋರಿಸಿತು. ಮನೆಯೊಳಗೇ ಕೈಯಿಂದ ಬಾಯಿಗೆ, ತಲೆಮಾರಿನಿಂದ ತಲೆಮಾರಿಗೆ ದಾಟುವ ಜೀವಿ ಅದು. ವಂಶ ಹರಿದುಬಂದದ್ದು ಹೌದು, ಆದರೆ ರೋಗಾಣುವಿನ ವಂಶ. ಅದನ್ನು ಮನುಷ್ಯನ ಖಾತೆಗೆ ಬರೆದವರು ಲೆಕ್ಕ ತಪ್ಪಿದ್ದಾರೆ.

ವಾದ ಏನೇ ಇರಲಿ, ವಂಶದ ಕಾರಣ ಹೇಳಿದರೆ ನಷ್ಟವೇನು, ಜನ ಎಚ್ಚರವಾಗಿರುತ್ತಾರೆ ಎನ್ನುವವರಿದ್ದಾರೆ. ನಷ್ಟ ಮೊದಲು ಔಷಧದ ಅಂಗಡಿಯಲ್ಲಿ ಕಾಣುತ್ತದೆ. ವಂಶದ್ದೆಂದು ಒಪ್ಪಿಕೊಂಡವರು ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ನುಂಗುವುದನ್ನು ನಿತ್ಯಕರ್ಮ ಮಾಡಿಕೊಳ್ಳುತ್ತಾರೆ. ಉರಿ ತಣಿಯುತ್ತದೆ, ರೋಗಾಣು ಉಳಿಯುತ್ತದೆ. ಆ ಮಾತ್ರೆ ತೆಗೆದುಕೊಳ್ಳುತ್ತಿರುವಾಗಲೇ ಉಸಿರಿನ ಪರೀಕ್ಷೆಯನ್ನೋ ಮಲಪರೀಕ್ಷೆಯನ್ನೋ ಮಾಡಿಸಿದರೆ ಇದ್ದ ಸೋಂಕೂ ಇಲ್ಲವೆಂದು ಬರಬಹುದು. ಅದಕ್ಕೇ ಎರಡು ವಾರ ಮಾತ್ರೆ ನಿಲ್ಲಿಸಿ ಪರೀಕ್ಷಿಸಬೇಕೆಂಬ ನಿಯಮ. ಇನ್ನೊಂದು ಕಡೆ, ಪರೀಕ್ಷೆಯಿಲ್ಲದೆ ಒಂದೆರಡು ದಿನಕ್ಕೆ ಕೊಂಡು ನುಂಗುವ ಆ್ಯಂಟಿಬಯೊಟಿಕ್‌ಗಳು. ಭೇದಿಯಾದಾಗಲೆಲ್ಲ ಮೆಟ್ರೊನಿಡಜೋಲ್ ನುಂಗುವ ನಮ್ಮ ಅಭ್ಯಾಸದಿಂದ ಭಾರತದ ಪೈಲೋರಿ ತಳಿಗಳಲ್ಲಿ ಹೆಚ್ಚಿನವು ಅದಕ್ಕೆ ಮಣಿಯುವುದಿಲ್ಲ. ಚಿಕಿತ್ಸೆ ಕಷ್ಟವಾದಾಗ ಅದನ್ನೂ ರೋಗಿಯ ವಂಶದ ಮೇಲೆ ಹೊರಿಸುವುದಕ್ಕೆ ದಾರಿ ತೆರೆದೇ ಇರುತ್ತದೆ. ವಂಶದ ವಾದ ನಿಜವಾಗಿ ಬಿಡುಗಡೆ ಕೊಡುವುದು ರೋಗಿಗಲ್ಲ, ನೀರಿನ ಟ್ಯಾಂಕಿಯ ಕಡತ ಮುಂದೂಡುವವರಿಗೆ. ಯಾರ ವಂಶವನ್ನೂ ಕೇಳದೆ ಕೆಲಸ ಮಾಡಿದ ಊರುಗಳೂ ಇವೆ. ತೈವಾನಿನ ಮಾತ್ಸು ದ್ವೀಪಗಳಲ್ಲಿ 2004ರಿಂದ ದೊಡ್ಡವರನ್ನೆಲ್ಲ ಪರೀಕ್ಷಿಸಿ, ಸೋಂಕಿದ್ದವರಿಗೆ ಪೂರ್ತಿ ಅವಧಿಯ ಔಷಧ ಕೊಟ್ಟರು. ಶೇ. 64 ಇದ್ದ ಸೋಂಕು ಶೇ. 15ಕ್ಕೆ ಇಳಿಯಿತು, ಜಠರದ ಕ್ಯಾನ್ಸರ್ ಅರ್ಧಕ್ಕೂ ಕಡಿಮೆಯಾಯಿತು.

ಹಾಗಾದರೆ ಸಿದ್ದಿಗಳ, ಹಾಲಕ್ಕಿಗಳ, ಖಾರ್ವಿಗಳ ವಂಶವಾಹಿಗಳನ್ನು ಅಧ್ಯಯನ ಮಾಡುವುದೇ ಬೇಡವೇ ಎಂದರೆ, ಖಂಡಿತ ಮಾಡಲಿ. ಆದರೆ ಕೇಳುವ ಕ್ರಮ ಸರಿಯಾಗಿರಲಿ. ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಜಿಲ್ಲೆಯೊಳಗಿನಿಂದಲೇ ಕೆಲಸ ಶುರುಮಾಡಲು ಅನುಕೂಲವಿದೆ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂಲ ಒಂದೇ, ಅಡುಗೆ, ಆಚಾರ, ಊರು ಬೇರೆ ಬೇರೆ. ಅವರ ಪಕ್ಕದಲ್ಲೇ, ಅದೇ ಬಾವಿಯ ನೀರು ಕುಡಿದು, ಅದೇ ಬಗೆಯ ಮಣ್ಣುಗೋಡೆಯ ಮನೆಯಲ್ಲಿರುವ ಇತರ ಜಾತಿಯವರಿದ್ದಾರೆ. ಮೊದಲು ಒಂದೇ ಕೇರಿಯ ಸಿದ್ದಿ ಮಕ್ಕಳನ್ನೂ ಸಿದ್ದಿಗಳಲ್ಲದ ಮಕ್ಕಳನ್ನೂ ಪರೀಕ್ಷಿಸಲಿ, ನಲ್ಲಿ ನೀರಿನ ಕೇರಿಯ ಸಿದ್ದಿ ಮಕ್ಕಳನ್ನು ಬಾವಿ ನೀರಿನ ಕೇರಿಯ ಸಿದ್ದಿ ಮಕ್ಕಳೊಂದಿಗೆ ಹೋಲಿಸಲಿ. ಅಂಗನವಾಡಿಯ ಮಗುವಿನ ಮಲದ ಮಾದರಿ ಸಾಕು, ಎಂಡೊಸ್ಕೋಪಿ ಬೇಕಿಲ್ಲ. ಸೋಂಕಿರುವ ತಾಯಂದಿರಿಗೆ ಚಿಕಿತ್ಸೆ ಕೊಟ್ಟು, ಆಮೇಲೆ ಹುಟ್ಟಿದ ಮಕ್ಕಳಲ್ಲಿ ಸೋಂಕು ಎಷ್ಟಿದೆಯೆಂದು ನೋಡಲಿ. ನೀರು, ಕಕ್ಕಸು, ಮನೆಯ ಜನಸಂಖ್ಯೆ, ತಾಯಿಯ ಸೋಂಕು ಇಷ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಜನಾಂಗಗಳ ನಡುವೆ ವ್ಯತ್ಯಾಸ ಉಳಿದರೆ, ಆಗ ರಕ್ತದ ಮಾದರಿಯನ್ನು ಹೈದರಾಬಾದಿಗೆ ಕಳಿಸಲಿ.